ಬರಿ ಕೊರಳಿನ ಹಾಡು

(ತೋಟದ ಕಾರ್ಮಿಕ ಕುಟುಂಬಗಳ ಸಂಜೆಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ಈ ಸಂಜೆ ಹಾಡಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಸಂಗೀತ ಕಲಿತವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಸಭೆಯ ಕೆಲಸವನ್ನೂ ಸಂಘದ ಕೆಲಸವನ್ನೂ ಮಾಡಿಕೊಂಡಿರುವವನು. ಆದರೆ ನಾನು ಹೇಳಲಿಕ್ಕೆ ಬಂದಿರುವ ಸಂಗೀತಕ್ಕೆ ಶಾಲೆ ಬೇಕಿಲ್ಲ. ಪೇಟಿ ಬೇಡ, ತಬಲ ಬೇಡ, ಮೈಕ್ ಸೆಟ್ ಬೇಡ, ಕರೆಂಟೂ ಬೇಡ. ಒಂದು ಕೊರಳಿದ್ದರೆ ಸಾಕು. ನೂರು ಕೊರಳಿದ್ದರೆ ನೂರೂ ಅದೇ ರಾಗವನ್ನು ಹಿಡಿಯುತ್ತವೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ದೇವಾಲಯಗಳಲ್ಲಿ ಕ್ರಿಸ್ಮಸ್ ದಿನ ಹಾಡುವ ವೃಂದವನ್ನು ನೀವು ಕೇಳಿರಬಹುದು. ಅಲ್ಲಿ ಹೆಂಗಸರದು ಒಂದು ರಾಗ, ಗಂಡಸರದು ಇನ್ನೊಂದು ರಾಗ, ಎರಡೂ ಹೊಂದಿಕೊಂಡು ಕೇಳಿಸುತ್ತವೆ. ಅದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಹಾಡಿಗೆ ಒಂದೇ ರಾಗ ಇರುತ್ತದೆ. ಒಬ್ಬಳು ಹಾಡಿದರೂ ಅದೇ, ಐವತ್ತು ಜನ ಹಾಡಿದರೂ ಅದೇ. ಗಂಡಸರು ತಗ್ಗಿದ ದನಿಯಲ್ಲಿ, ಹೆಂಗಸರು ಏರಿದ ದನಿಯಲ್ಲಿ ಹಾಡಿದರೂ ರಾಗ ಒಂದೇ ಆಗಿರುತ್ತದೆ. ಮುಂದಿನವರು ಒಂದು ಸಾಲು ಹೇಳಿ ಹಿಂದಿನವರು ಅದನ್ನು ಎತ್ತಿಕೊಂಡರೂ ಒಂದೇ. ಇದರ ಕೆಳಗೆ ಶ್ರುತಿಪೆಟ್ಟಿಗೆ ಇಲ್ಲ, ಪಕ್ಕದಲ್ಲಿ ಮದ್ದಳೆ ಇಲ್ಲ. ಈ ಬಗೆಯ ಹಾಡು ನಿಮ್ಮೆಲ್ಲರ ಮನೆಯಲ್ಲೂ ಇದೆ. ಮಗುವನ್ನು ತೂಗುವ ಜೋಗುಳ ಇಂಥದ್ದು. ಮದುವೆಯಲ್ಲಿ ಅಜ್ಜಿಯರು ಹೇಳುವ ಸೋಬಾನೆ ಪದ ಇಂಥದ್ದು.

ಈ ವಿಷಯವನ್ನು ಯಾಕೆ ಎತ್ತುತ್ತಿದ್ದೇನೆಂದರೆ, ಲೈನುಗಳಲ್ಲಿ ಪ್ರಾರ್ಥನೆಗೆ ಕೂಡಿದಾಗಲೂ ಸಂಘದ ಸಭೆ ಸೇರಿದಾಗಲೂ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಪೇಟಿ ಇಲ್ಲ, ನುಡಿಸುವವರಿಲ್ಲ, ಹಾಡುವುದು ಹೇಗೆ?" ಕೊನೆಗೆ ಯಾರೋ ಒಬ್ಬರು ಮೊಬೈಲಿನಲ್ಲಿ ಒಂದು ಹಾಡು ಹಾಕುತ್ತಾರೆ, ಎಲ್ಲರೂ ಸುಮ್ಮನೆ ಕುಳಿತು ಕೇಳುತ್ತಾರೆ. ವಾದ್ಯವಿಲ್ಲದ ಹಾಡು ಬಡವರ ಹಾಡು, ಅರ್ಧ ಹಾಡು ಎಂಬ ಭಾವನೆ ನಮ್ಮೊಳಗೆ ಸೇರಿಕೊಂಡಿದೆ. ಅದು ಪೂರ್ತಿ ಹಾಡು, ಅದು ನಮ್ಮ ಸ್ವಂತ ಆಸ್ತಿ, ಆ ಆಸ್ತಿ ಈಗ ಕೈಬಿಟ್ಟು ಹೋಗುತ್ತಿದೆ ಎಂಬುದನ್ನು ನಿಮ್ಮ ಮುಂದೆ ಇಡುವುದಕ್ಕೆ ನಾನು ಬಂದಿದ್ದೇನೆ.

ನಾನು ಗಡಿಯ ಕಡೆಯವನು. ನನ್ನ ಸೀಮೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಈ ಘಟ್ಟದ ತೋಟಗಳಿಗೆ ಅದು ಬಹಳ ದೂರ. ಆದರೂ ಬೀದರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರಿಗೆ ಆ ಊರುಗಳ ಹೆಸರು ಗೊತ್ತಿರುತ್ತದೆ. 1956ರ ನವೆಂಬರ್ 1ರವರೆಗೆ ಅವೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಭಾಷೆಯ ಮೇಲೆ ರಾಜ್ಯಗಳನ್ನು ಹಂಚಿದಾಗ ಈ ಮೂರೂ ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಿಂದ ತೆಲಂಗಾಣದಲ್ಲಿವೆ. ಭೂಮಿಯನ್ನು ಗೆರೆ ಎಳೆದು ಹಂಚಬಹುದು, ಬಾಯಿಯನ್ನು ಹಂಚುವುದು ಕಷ್ಟ. ಅಲ್ಲಿ ಇಂದಿಗೂ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಆಡುವ ಮನೆಗಳಿವೆ. ಒಂದೇ ರಾಗಕ್ಕೆ ಈ ಓಣಿಯಲ್ಲಿ ಕನ್ನಡದ ಮಾತು ಕೂಡಿದರೆ ಆ ಓಣಿಯಲ್ಲಿ ತೆಲುಗಿನ ಮಾತು ಕೂಡುತ್ತದೆ. ರಾಗಕ್ಕೆ ಗಡಿ ಗೊತ್ತಿಲ್ಲ.

ಆ ಸೀಮೆ ಕೆಂಪು ಮಣ್ಣಿನದು, ಕಪ್ಪು ಮಣ್ಣಿನದು, ಮಳೆ ನಂಬಿದ ಬೇಸಾಯದ್ದು. ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ ಬೆಳೆಯುತ್ತವೆ. ತಾಂಡೂರಿನಲ್ಲಿ ಬಂಡೆಯ ಗಣಿಗಳಿವೆ. ಮನೆಗಳಿಗೆ ಹಾಸುವ ಆ ಬಂಡೆಯನ್ನು ನೀವೂ ನೋಡಿರುತ್ತೀರಿ. ನಾಲ್ಕು ಜನ ಸೇರಿ ಭಾರವಾದ ಬಂಡೆ ಎತ್ತುವಾಗ ಒಬ್ಬನು ಕೂಗಿ ಹೇಳುತ್ತಾನೆ, ಉಳಿದವರು "ಹೈಸಾ" ಎನ್ನುತ್ತಾರೆ. ಆ ಕೂಗು ಇಲ್ಲದಿದ್ದರೆ ನಾಲ್ವರ ಬಲ ಒಂದೇ ಕ್ಷಣಕ್ಕೆ ಕೂಡುವುದಿಲ್ಲ, ಒಬ್ಬನ ಬೆರಳು ಜಜ್ಜಿಹೋಗುತ್ತದೆ. ದುಡಿಮೆಯ ಹಾಡಿನ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆ ರಾಶಿಯ ಕಾಲದಲ್ಲಿ ಹಂತಿ ಪದ ಹಾಡುತ್ತಿದ್ದರು. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳ ಸಾಲು ಕಟ್ಟಿ, ತೆನೆಯ ಮೇಲೆ ಸುತ್ತಾಡಿಸುವುದೇ ಹಂತಿ. ಕೆಲಸ ರಾತ್ರಿಯೆಲ್ಲ ನಡೆಯುತ್ತದೆ. ಎತ್ತುಗಳ ಹಿಂದೆ ನಡೆಯುವವನಿಗೆ ನಿದ್ದೆ ಬರಬಾರದು, ಎತ್ತು ನಿಲ್ಲಬಾರದು. ಆದಕಾರಣ ಒಬ್ಬನು ಪದದ ಒಂದು ಸಾಲು ಎತ್ತುತ್ತಾನೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಅವರು ಹೇಳುವಷ್ಟರಲ್ಲಿ ಮುಂದಿನವನಿಗೆ ಉಸಿರು ಬರುತ್ತದೆ, ಮುಂದಿನ ಸಾಲು ನೆನಪಾಗುತ್ತದೆ.

ಹೆಂಗಸರದು ಬೀಸುವ ಪದ. ಬೆಳಗಿನ ಜಾವ, ಎಲ್ಲರೂ ಮಲಗಿರುವಾಗ, ಬೀಸುಕಲ್ಲಿನ ಎರಡು ಬದಿಗೆ ಅತ್ತೆ ಸೊಸೆ, ಇಲ್ಲವೆ ಇಬ್ಬರು ಓರಗಿತ್ತಿಯರು ಕೂಡುತ್ತಾರೆ. ಕಲ್ಲು ಸುತ್ತುವ ಗತಿಯೇ ಹಾಡಿನ ಗತಿ. ರಾಗದಲ್ಲಿ ಹೆಚ್ಚೆಂದರೆ ಐದಾರು ಸ್ವರ, ಮೂರೇ ಸಾಲಿನ ಪದ. ತವರುಮನೆಯ ನೆನಪು, ಗಂಡನ ಮೇಲಿನ ಸಿಟ್ಟು, ತೀರಿಹೋದ ಮಗುವಿನ ದುಃಖ, ಸಾಲ ಕೊಟ್ಟವನ ಬಾಗಿಲು ಎಲ್ಲವೂ ಅದರೊಳಗೆ ಬರುತ್ತದೆ. ಎದುರು ಕುಳಿತು ಹೇಳಿದರೆ ಜಗಳವಾಗುವ ಮಾತು ಕಲ್ಲಿನ ಸದ್ದಿನೊಳಗೆ ಹಾಡಾಗಿ ಬಂದರೆ ಅತ್ತೆಯೂ ಕೇಳಿ ಸುಮ್ಮನಿರುತ್ತಾಳೆ. ಮರುದಿನ ಅವಳೂ ತನ್ನ ಮಾತನ್ನು ಅದೇ ರಾಗಕ್ಕೆ ಹಾಕುತ್ತಾಳೆ.

ಇನ್ನು ನಮ್ಮ ನೆರೆಯ ತೆಲುಗಿನ ಅಕ್ಕತಂಗಿಯರು ಮಳೆಗಾಲದ ಕೊನೆಗೆ ಬತುಕಮ್ಮ ಹಬ್ಬದಲ್ಲಿ ಹೂವಿನ ಗೋಪುರವನ್ನು ನಡುವೆ ಇಟ್ಟು ಸುತ್ತಲೂ ತಿರುಗುತ್ತ ಹಾಡುತ್ತಾರೆ. ಅಲ್ಲಿಯೂ ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಹಿಡಿಯುತ್ತಾರೆ. ಈಗ ದೊಡ್ಡ ಊರುಗಳಲ್ಲಿ ಧ್ವನಿವರ್ಧಕ ಬಂದಿದೆ. ಆದರೆ ಆ ಹಾಡಿಗೆ ನಿಜವಾಗಿ ಬೇಕಾದದ್ದು ಕೊರಳು ಮತ್ತು ಚಪ್ಪಾಳೆ ಮಾತ್ರ.

ಇಷ್ಟು ಹೇಳಿದ ಮೇಲೆ, ಈ ಹಾಡು ದುಡಿಯುವವರಿಗೆ ಏಕೆ ಹೊಂದುತ್ತದೆ ಎಂದು ನೋಡೋಣ. ಮೊದಲನೆಯದಾಗಿ, ಕೈ ಎರಡೂ ಕೆಲಸದಲ್ಲಿರುತ್ತವೆ, ವಾದ್ಯ ಹಿಡಿಯುವುದಕ್ಕೆ ಕೈ ಬಿಡುವಿರುವುದಿಲ್ಲ. ಎರಡನೆಯದಾಗಿ, ನಿನ್ನೆ ಬಂದು ಕೆಲಸಕ್ಕೆ ಸೇರಿದವಳು ಕೂಡ ಎರಡನೆಯ ಸಾಲಿಗೆ ಜತೆಗೂಡಬಹುದು. ಅವಳಿಗೆ ಬೇರೆ ರಾಗ ಕಲಿಸಬೇಕಾಗಿಲ್ಲ. ಮೂರನೆಯದಾಗಿ, ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಮೇಲೆ ಮುಚ್ಚುವ ಸದ್ದಿಲ್ಲ. ನಾಲ್ಕನೆಯದಾಗಿ, ಹಳೆಯ ರಾಗಕ್ಕೆ ಇಂದಿನ ಸಂಗತಿಯನ್ನು ಹಾಕಬಹುದು. ಹಾಜರಿಯಲ್ಲಿ ತಪ್ಪಾಯಿತೇ, ಬಟವಾಡೆ ತಡವಾಯಿತೇ, ಮಗುವಿಗೆ ಜ್ವರವೇ, ಮಳೆ ಬಂದು ಕಾಫಿ ಹಣ್ಣು ಉದುರಿತೇ, ಯಾವುದಕ್ಕೂ ಹೊಸ ರಾಗ ಬೇಕಾಗುವುದಿಲ್ಲ. ಐದನೆಯದಾಗಿ, ಇದನ್ನು ಯಾರೂ ಜಪ್ತಿ ಮಾಡಲಾರರು. ಪೇಟಿಯನ್ನು ಅಡವಿಡಬಹುದು, ಮೈಕ್ ಸೆಟ್ಟಿಗೆ ಬಾಡಿಗೆ ಕೇಳಬಹುದು. ಕೊರಳಿಗೆ ಬಾಡಿಗೆ ಇಲ್ಲ.

ಪ್ರಿಯರೇ, ನಮ್ಮ ಸಭೆಯ ಹಾಡು ಕೂಡ ಹೀಗೆಯೇ ಶುರುವಾಯಿತೆಂಬುದನ್ನು ನಾವು ಮರೆಯಬಾರದು. ಕಡೆಯ ರಾತ್ರಿಯ ಊಟವಾದ ಮೇಲೆ ಕರ್ತನೂ ಶಿಷ್ಯರೂ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರೆಂದು ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿ ವಾದ್ಯದ ಮಾತೇ ಇಲ್ಲ. ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಪೌಲನೂ ಸೀಲನೂ ಮಧ್ಯರಾತ್ರಿ ಹಾಡಿದಾಗ ಅವರ ಕಾಲುಗಳು ಕೋಳದಲ್ಲಿದ್ದವು. ಬಾಯಿ ಮಾತ್ರ ಬಿಡುಗಡೆಯಾಗಿತ್ತು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು.

ಕ್ರಿ.ಶ. 112ರ ಸುಮಾರಿಗೆ ರೋಮಿನ ಒಬ್ಬ ಅಧಿಪತಿ, ಪ್ಲಿನಿ ಎಂಬವನು, ಈಗಿನ ತುರ್ಕಿ ದೇಶದಲ್ಲಿದ್ದ ತನ್ನ ಪ್ರಾಂತದಿಂದ ಚಕ್ರವರ್ತಿಗೆ ಒಂದು ಕಾಗದ ಬರೆದನು. ಈ ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಕೂಡುತ್ತಾರೆ, ಒಬ್ಬರಿಗೊಬ್ಬರು ಸರದಿಯ ಮೇಲೆ ಕ್ರಿಸ್ತನನ್ನು ಕುರಿತು ಹಾಡುತ್ತಾರೆ ಎಂದು ಅದರಲ್ಲಿ ತಿಳಿಸಿದ್ದಾನೆ. ಇವರ ಗುಟ್ಟೇನೆಂದು ತಿಳಿಯಲು ಇಬ್ಬರು ದಾಸಿಯರನ್ನು ಹಿಡಿದು ಹಿಂಸಿಸಿದೆನೆಂದೂ, ಅವರು ಸಭೆಯಲ್ಲಿ ಸೇವಕಿಯರೆನಿಸಿಕೊಂಡವರೆಂದೂ ಬರೆದಿದ್ದಾನೆ. ಸ್ವಲ್ಪ ಯೋಚಿಸಿರಿ: ಸಭೆಯ ಹಾಡಿನ ವಿಷಯವಾಗಿ ಹೊರಗಿನವರು ಬರೆದ ಬಹು ಹಳೆಯ ಕಾಗದಗಳಲ್ಲಿ ಒಂದಾದ ಇದರಲ್ಲಿ ಬರುವವರು ಕೂಲಿಯೂ ಇಲ್ಲದೆ ದುಡಿಯುತ್ತಿದ್ದ ಹೆಂಗಸರು. ಕೆಲಸಕ್ಕೆ ಹೋಗುವ ಮೊದಲು, ನಸುಕಿನಲ್ಲಿ, ಒಬ್ಬರು ಎತ್ತಿ ಒಬ್ಬರು ಹಿಡಿದು ಹಾಡಿದರು. ನಮ್ಮ ಬೀಸುವ ಕಲ್ಲಿನ ಹೊತ್ತೂ ಅದೇ ಅಲ್ಲವೇ?

ಅಲ್ಲಿಂದ ಮುಂದೆ ಎಷ್ಟೋ ಶತಮಾನ ಪಶ್ಚಿಮದ ಸಭೆ ಒಂದೇ ರಾಗದ ಗಾಯನವನ್ನೇ ನಡೆಸಿಕೊಂಡು ಬಂದಿತು. ಅದಕ್ಕೆ ಗ್ರೆಗೋರಿಯನ್ ಗಾಯನವೆಂದು ಹೆಸರು. ಮೊದಲು ಅದೂ ಬಾಯಿಂದ ಬಾಯಿಗೆ ಬಂದದ್ದೇ. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯ ಅರೆಟ್ಸೊ ಊರಿನಲ್ಲಿದ್ದ ಗೀದೊ ಎಂಬ ಸನ್ಯಾಸಿ, ಗೆರೆಗಳನ್ನು ಎಳೆದು ಅವುಗಳ ಮೇಲೆ ಸ್ವರಗಳನ್ನು ಬರೆಯುವ ಕ್ರಮವನ್ನು ರೂಢಿಗೆ ತಂದನು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುತ್ತದೆ ಎಂದು ಅವನು ಹೇಳಿಕೊಂಡನು. ಬಹಳ ದೊಡ್ಡ ಉಪಕಾರವೇ ಸರಿ. ಆದರೆ ಮುಂದೆ ಏನಾಯಿತು ನೋಡಿರಿ. ಕಾಲ ಕಳೆದಂತೆ ಆ ಗಾಯನದ ರೂಢಿ ಕೆಟ್ಟಿತು. ಅಚ್ಚಾದ ಪುಸ್ತಕಗಳಲ್ಲಿ ರಾಗಗಳನ್ನು ಕತ್ತರಿಸಿ ಚಿಕ್ಕದು ಮಾಡಿದರು. ಹಳೆಯ ರಾಗ ಯಾವುದೆಂದು ತಿಳಿಯುವುದಕ್ಕೆ ಫ್ರಾನ್ಸ್ ದೇಶದ ಸೊಲೆಮ್ ಮಠದ ಸನ್ಯಾಸಿಗಳು 19ನೆಯ ಶತಮಾನದಲ್ಲಿ ಹಸ್ತಪ್ರತಿಗಳನ್ನು ಹುಡುಕಿ ಹೋಲಿಸಿ ವರ್ಷಗಟ್ಟಲೆ ದುಡಿಯಬೇಕಾಯಿತು. 1903ರಲ್ಲಿ ಪೋಪ್ ಹತ್ತನೆಯ ಭಕ್ತಿನಾಥರು ಅದಕ್ಕೆ ಮತ್ತೆ ಸ್ಥಾನ ಕೊಟ್ಟರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆ ಗಾಯನದ ಗೌರವವನ್ನು ಎತ್ತಿಹಿಡಿಯಿತು. ಅದೇ ನಿರ್ಣಯದಲ್ಲಿ ಆಯಾ ನಾಡಿನ ಜನರ ಸ್ವಂತ ಸಂಗೀತಕ್ಕೂ ತಕ್ಕ ಬೆಲೆ ಕೊಡಬೇಕೆಂದಿತು. ಬರೆದಿಟ್ಟ ಹಾಡು ಕೂಡ ಹಾಡುವವರಿಲ್ಲದಿದ್ದರೆ ಕೆಡುತ್ತದೆ ಎಂಬುದನ್ನು ನಾನು ಇದರಿಂದ ತಿಳಿದುಕೊಂಡೆ. ಹೀಗಿರುವಾಗ ಬರೆಯದೇ ಇರುವ ನಮ್ಮ ಹಾಡಿನ ಗತಿಯೇನು?

ಪೇಟಿಯ ವಿಷಯಕ್ಕೂ ಒಂದು ಮಾತು. ನನಗೆ ಪೇಟಿಯ ಮೇಲೆ ದ್ವೇಷವಿಲ್ಲ. ಅದು ಯುರೋಪಿನಿಂದ 19ನೆಯ ಶತಮಾನದಲ್ಲಿ ಬಂದ ವಾದ್ಯ. ನಮ್ಮ ಸಭೆಗಳಿಗೂ ಭಜನೆಗಳಿಗೂ ಬಯಲಾಟಗಳಿಗೂ ಅದು ಬಹಳ ಸೇವೆ ಮಾಡಿದೆ. ಆದರೆ ಅದರ ಮನೆಗಳು ಗಟ್ಟಿ. ಒಂದು ಮನೆಯಿಂದ ಇನ್ನೊಂದಕ್ಕೆ ಹಾರಬೇಕೇ ಹೊರತು ನಡುವೆ ಜಾರಲಿಕ್ಕೆ ಬರುವುದಿಲ್ಲ. ಆಕಾಶವಾಣಿ 1940ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪೇಟಿಯನ್ನು ಒಳಗೆ ಬಿಟ್ಟಿರಲಿಲ್ಲ. ಈ ಕೊರತೆ ಅದಕ್ಕೆ ಹೇಳಿದ ಕಾರಣಗಳಲ್ಲಿ ಒಂದು. ನಮ್ಮ ಅಜ್ಜಿ ಸೋಬಾನೆ ಹೇಳುವಾಗ ಸಾಲಿನ ಕೊನೆಗೆ ದನಿಯನ್ನು ಸ್ವಲ್ಪ ಎಳೆದು ಇಳಿಸುತ್ತಾಳಲ್ಲ, ಆ ಇಳಿತ ಪೇಟಿಯ ಎರಡು ಮನೆಗಳ ನಡುವಿನ ಜಾಗದಲ್ಲಿದೆ. ಪೇಟಿಗೆ ಹೊಂದಿಸಿ ಹಾಡಲು ಹೋದರೆ ಮೊದಲು ಕಳೆದುಹೋಗುವುದು ಅದೇ. ಇನ್ನೊಂದು ಮಾತೂ ಇದೆ. ನುಡಿಸುವವನು ಹಿಡಿದ ಶ್ರುತಿ ಮುದುಕಿಯರಿಗೆ ಮೇಲಾಗುತ್ತದೆ, ಅವರು ಬಾಯಿ ಮುಚ್ಚುತ್ತಾರೆ. ಬರಿ ಕೊರಳಿನ ಹಾಡಿನಲ್ಲಿ ಎತ್ತಿದವಳ ಕೊರಳೇ ಶ್ರುತಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಬೀಸುವ ಪದ ನಿಂತುಹೋದದ್ದು ಏಕೆ? ಹಿಟ್ಟಿನ ಗಿರಣಿ ಬಂದದ್ದರಿಂದ. ಹಂತಿ ಪದ ನಿಂತದ್ದು ಏಕೆ? ರಾಶಿ ಮಾಡುವ ಯಂತ್ರ ಬಂದದ್ದರಿಂದ. ಇದಕ್ಕಾಗಿ ಅಳಬೇಕೇ? ಬೆಳಗಿನ ಮೂರು ಗಂಟೆಗೆ ಎದ್ದು, ತುಂಬಿದ ಬಸುರಿನಲ್ಲಿ ಕಲ್ಲು ತಿರುವಿದ ತಾಯಂದಿರು ಇಲ್ಲಿ ಕುಳಿತಿದ್ದಾರೆ. ಹಾಡು ಉಳಿಯಲಿ ಎಂದು ಅವರನ್ನು ಮತ್ತೆ ಕಲ್ಲಿನ ಮುಂದೆ ಕೂರಿಸುವವನು ಮನುಷ್ಯನಲ್ಲ. ಗಿರಣಿ ಬಂದದ್ದು ಒಳ್ಳೆಯದಾಯಿತು. ಹಾಡು ಕೂತಿದ್ದ ಜಾಗ ಹೋಯಿತು, ಅಷ್ಟೇ. ಅದಕ್ಕೆ ಬೇರೆ ಜಾಗ ಮಾಡಿಕೊಡುವುದು ನಮ್ಮ ಕೆಲಸವಾಗಿತ್ತು, ಬಹಳ ಊರುಗಳಲ್ಲಿ ಅದನ್ನು ಯಾರೂ ಮಾಡಲಿಲ್ಲ.

ಪುಸ್ತಕ ಮಾಡಿದವರುಂಟು, ಅವರನ್ನು ನೆನೆಯಬೇಕು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಓದುಬರಹ ಬಾರದ ಹೆಂಗಸರು ಎಂಥ ಕವಿಗಳೆಂಬುದು ಆಗ ನಾಡಿಗೆ ತಿಳಿಯಿತು. ಪುಣೆಯಲ್ಲಿ ಹೇಮಾ ರಾಯಿರ್ಕರ್ ಅವರೂ, ಫ್ರಾನ್ಸಿನಿಂದ ಬಂದು ಅಲ್ಲಿ ನೆಲೆಸಿದ್ದ ಗೀ ಪ್ವಾತ್ವೆಂ ಅವರೂ ತಮ್ಮ ಸಂಗಡಿಗರೊಡನೆ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬೀಸುವ ಪದಗಳನ್ನು ಒಂದು ಲಕ್ಷಕ್ಕೂ ಮೇಲ್ಪಟ್ಟು ಕೂಡಿಸಿದರು. ಇವೆಲ್ಲ ದೊಡ್ಡ ಕೆಲಸಗಳು. ಆದರೂ ಪುಸ್ತಕದಲ್ಲಿ ಉಳಿಯುವುದು ಮಾತು. ರಾಗ ಹಾಳೆಯ ಮೇಲೆ ನಿಲ್ಲುವುದಿಲ್ಲ. ಅದು ಒಂದು ಕೊರಳಿನಿಂದ ಇನ್ನೊಂದು ಕೊರಳಿಗೇ ಹೋಗಬೇಕು.

ನಮ್ಮ ಜಹೀರಾಬಾದಿನಲ್ಲಿ ಬಡ ಹೆಂಗಸರು ಹಾಡಿಗೆ ಬೇರೆ ಜಾಗ ಮಾಡಿಕೊಟ್ಟ ಒಂದು ಸಂಗತಿ ಇದೆ. ಅದನ್ನು ಹೇಳದೆ ನಾನು ಕೂರಲಾರೆ.

1983ರಲ್ಲಿ ಅಲ್ಲಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು. ಮೊದಲು ದೂರದರ್ಶನದಲ್ಲಿ ಕೆಲಸ ಮಾಡಿದ್ದವರು, 2023ರ ಮಾರ್ಚ್ 19ರಂದು ತೀರಿಕೊಂಡರು. ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಸಂಘಗಳು ಕಟ್ಟಿಕೊಂಡವು. ಬಹುಮಂದಿ ದಲಿತ ಹೆಂಗಸರು, ತುಂಡು ಹೊಲದವರು, ಕೂಲಿ ಮಾಡುವವರು. ಬೀಳುಬಿದ್ದ ಹೊಲ ಹಸನು ಮಾಡಿದರು, ಜೋಳ, ನವಣೆ, ಸಾಮೆಗಳ ಹಳೆಯ ಬೀಜಗಳನ್ನು ಹುಡುಕಿ ಮತ್ತೆ ಬಿತ್ತಿದರು. ಬೀಜದ ಜತೆಗೆ ಇನ್ನೊಂದು ಸಂಗತಿ ಹೊರಗೆ ಬಂತು. ಯಾವ ಬೀಜ ಯಾವ ಮಳೆಗೆ, ಯಾವುದರ ಜತೆ ಯಾವುದನ್ನು ಬಿತ್ತಬೇಕು ಎಂಬ ತಿಳುವಳಿಕೆ ಮುದುಕಿಯರ ಹಾಡುಗಳಲ್ಲಿಯೂ ಗಾದೆಗಳಲ್ಲಿಯೂ ಇತ್ತು. ಬೀಜ ಹೋದರೆ ಹಾಡೂ ಹೋಗುತ್ತದೆ, ಹಾಡು ಹೋದರೆ ಬೀಜದ ಬುದ್ಧಿಯೂ ಹೋಗುತ್ತದೆ.

ಆ ಹೆಂಗಸರು ತಮ್ಮದೇ ಒಂದು ರೇಡಿಯೋ ಬೇಕೆಂದು ಕೇಳಿದರು. ಆಗ ರೇಡಿಯೋ ಎಂದರೆ ಸರ್ಕಾರದ್ದು, ಇಲ್ಲವೆ ದುಡ್ಡಿದ್ದವರದ್ದು. 1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ತೀರ್ಪು ಕೊಟ್ಟಿತ್ತು. ಆದರೂ ಇಂಥ ಸಂಘ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಸರ್ಕಾರದ ನಿಯಮ ದಾರಿ ಬಿಟ್ಟದ್ದು 2006ರಲ್ಲಿ. ಅಷ್ಟರವರೆಗೆ ಅವರು ಕೈಕಟ್ಟಿ ಕೂರಲಿಲ್ಲ. ಮಾಚನೂರು ಗ್ರಾಮದಲ್ಲಿ ಸ್ಟುಡಿಯೋ ಕಟ್ಟಿಕೊಂಡು ವರ್ಷಗಟ್ಟಲೆ ಮಾತನ್ನೂ ಹಾಡನ್ನೂ ಕ್ಯಾಸೆಟ್ಟುಗಳಲ್ಲಿ ತುಂಬಿ, ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು. ಕಡೆಗೆ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಗಾಳಿಯಲ್ಲಿ ಮಾತಾಡಿತು. 1995ರ ತೀರ್ಪಿನ ನ್ಯಾಯಮೂರ್ತಿ ಪಿ. ಬಿ. ಸಾವಂತ್ ಅವರೇ ಬಂದು ಅದನ್ನು ಉದ್ಘಾಟಿಸಿದರು. ನಡೆಸಿದವರು ಯಾರು? ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು. ಗುರುತಿಗಾಗಿ ಒಬ್ಬಳನ್ನು ಜನರಲ್ ನರಸಮ್ಮ, ಇನ್ನೊಬ್ಬಳನ್ನು ಆಲ್ಗೋಲ್ ನರಸಮ್ಮ ಎನ್ನುತ್ತಾರೆ. ದಿನದ ಕೂಲಿ ಕೆಲಸ ಮುಗಿದು, ರೊಟ್ಟಿ ಬೇಯುವ ಸಂಜೆಯ ಹೊತ್ತಿಗೆ ಅದು ಹತ್ತಿರದ ಹಳ್ಳಿಗಳಿಗೆ ಕೇಳಿಸತೊಡಗಿತು. ಮಾತು ಆ ಸೀಮೆಯ ತೆಲುಗು. ಹಾಡು ಕಳೆ ಕೀಳುವಾಗಿನದು, ನಾಟಿಯದು, ಮದುವೆಯದು, ಹಬ್ಬದ್ದು.

ಇದರಲ್ಲಿ ನಾವು ಗಮನಿಸಬೇಕಾದದ್ದು ರೇಡಿಯೋದ ಯಂತ್ರವನ್ನಲ್ಲ. ಹಾಡು ತುಂಬಿಕೊಳ್ಳುವ ಪೆಟ್ಟಿಗೆ ಯಾರ ಕೈಯಲ್ಲಿತ್ತು ಎಂಬುದನ್ನು. ಹಳ್ಳಿಗೆ ಬಂದು ಹಾಡು ತುಂಬಿಕೊಂಡು ಹೋದವರು ಬಹಳ ಮಂದಿ, ಅದನ್ನು ತಿರುಗಿ ತಂದು ಹಾಡಿದವಳಿಗೆ ಕೇಳಿಸಿದವರು ಕಡಿಮೆ. ಇಲ್ಲಿ ಹಾಡಿದವಳೂ ಸಂಘದವಳೇ, ತುಂಬಿದವಳೂ ಸಂಘದವಳೇ, ಕೇಳುವವಳೂ ಸಂಘದವಳೇ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವರು ಹಳೆಯ ಬೆಳೆಗಳ ಜಾತ್ರೆಯನ್ನೂ ಹೊರಡಿಸುತ್ತ ಬಂದರು. ಅಲಂಕರಿಸಿದ ಎತ್ತಿನ ಬಂಡಿಗಳಲ್ಲಿ ಬೀಜಗಳನ್ನಿಟ್ಟು, ಹಾಡುತ್ತ, ಊರಿಂದೂರಿಗೆ ಹೋಗುವ ಜಾತ್ರೆ ಅದು. ಹಾಡಿಗೆ ಕೂರಲು ಜಾಗ ಬೇಕಿತ್ತು. ಅವರು ಬಂಡಿಯ ಮುಂದೆ ಕೊಟ್ಟರು, ಸಭೆಯಲ್ಲಿ ಕೊಟ್ಟರು, ಗಾಳಿಯಲ್ಲಿಯೂ ಕೊಟ್ಟರು.

ಸಂಘದ ಕೆಲಸಕ್ಕೂ ಹಾಡಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಅಮೇರಿಕದ ಚಾರ್ಲ್‌ಸ್ಟನ್ ಪಟ್ಟಣದಲ್ಲಿ 1945ರ ಅಕ್ಟೋಬರಿನಲ್ಲಿ ತಂಬಾಕು ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಹೆಂಗಸರು. ಚಳಿಗಾಲವೆಲ್ಲ ಗೇಟಿನ ಮುಂದೆ ನಿಂತರು. ಅವರಲ್ಲಿ ಲೂಸಿಲ್ ಸಿಮನ್ಸ್ ಎಂಬಾಕೆ ದಿನದ ಕೊನೆಗೆ ದೇವಾಲಯದ ಒಂದು ಹಳೆಯ ಹಾಡನ್ನು ನಿಧಾನವಾಗಿ ಎಳೆದು ಎತ್ತುತ್ತಿದ್ದಳು, ಉಳಿದವರು ಕೂಡಿಕೊಳ್ಳುತ್ತಿದ್ದರು. 'ನಾನು' ಎಂದಿದ್ದ ಕಡೆ 'ನಾವು' ಎಂದು ಹಾಡಿದರು. ಅದೇ ಮುಂದೆ 'ವೀ ಷಲ್ ಓವರ್‌ಕಮ್' ಎಂದು ಲೋಕದಲ್ಲೆಲ್ಲ ಹರಡಿತು. ನಮ್ಮ ಮೆರವಣಿಗೆಗಳಲ್ಲಿ ಕನ್ನಡದಲ್ಲಿ ಅದನ್ನು ಹಾಡದ ಸಂಘ ಯಾವುದು? ಬೀದಿಯಲ್ಲಿ ನಿಂತವರಿಗೆ ಅಂದು ಇದ್ದ ವಾದ್ಯ ಅವರ ಕೊರಳೇ.

ಗಡಿಯವನಾದ ನನಗೆ ಇನ್ನೊಂದು ಚಿಂತೆ ಉಂಟು. ಅದು ನಿಮಗೂ ಉಂಟೆಂದು ಬಲ್ಲೆ. ನಮ್ಮ ಕಡೆ ಕನ್ನಡದ ಮನೆಯ ಮಕ್ಕಳು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ಅದು ತಪ್ಪಲ್ಲ, ಹೊಟ್ಟೆಯ ದಾರಿ ಅದೇ ಇರಬಹುದು. ಆದರೆ ಅಜ್ಜಿಯ ಭಾಷೆಯ ಅಕ್ಷರ ಆ ಮಗುವಿಗೆ ಗೊತ್ತಿಲ್ಲ. ನಿಮ್ಮ ಲೈನುಗಳಲ್ಲಿಯೂ ಕನ್ನಡ, ತುಳು, ತಮಿಳು, ಕೊಂಕಣಿ ಆಡುವ ಮನೆಗಳು ಒಂದೇ ಗೋಡೆಗೆ ಅಂಟಿಕೊಂಡಿವೆ. ಯಾವುದೋ ಒಂದು ಭಾಷೆಯಲ್ಲಿ ಮಕ್ಕಳ ಓದು. ಇಂಥ ಮಗುವಿಗೆ ಅಜ್ಜಿಯಿಂದ ಏನಾದರೂ ದಾಟಬೇಕಾದರೆ ಅಕ್ಷರವಿಲ್ಲದೆ ದಾಟಬೇಕು. ಒಂದು ರಾಗದ ಹಾಡು ಹಾಗೆ ದಾಟುತ್ತದೆ. ಮಗು ನಾಲ್ಕು ಸಲ ಕೇಳಿದರೆ ಐದನೆಯ ಸಲ ಹಾಡುತ್ತದೆ, ಹಾಡಿದ ಮಾತಿನ ಅರ್ಥವನ್ನು ಆಮೇಲೆ ತಾನೇ ಕೇಳುತ್ತದೆ. ಆದರೆ ಅಜ್ಜಿ ಇರುವಷ್ಟು ದಿನ ಮಾತ್ರ ಇದು ಸಾಧ್ಯ. ಪುಸ್ತಕವಾದರೆ ಮುಂದಿನ ವರ್ಷ ಓದೋಣ ಎನ್ನಬಹುದು, ಅಜ್ಜಿಯ ವಿಷಯದಲ್ಲಿ ಹಾಗೆನ್ನಲಾಗದು.

ಆದಕಾರಣ ನಿಮ್ಮ ಮುಂದೆ ನಾಲ್ಕು ಕೆಲಸಗಳನ್ನು ಇಡುತ್ತೇನೆ. ಹಣ ಖರ್ಚಾಗುವ ಕೆಲಸ ಇದರಲ್ಲಿ ಒಂದೂ ಇಲ್ಲ.

ಒಂದು: ವಾರಕ್ಕೊಮ್ಮೆ ಕೂಡುವ ಪ್ರಾರ್ಥನೆಯಲ್ಲಿ ಒಂದು ಕೀರ್ತನೆಯನ್ನಾದರೂ ವಾದ್ಯವಿಲ್ಲದೆ ಹಾಡಿರಿ. ಪೇಟಿ ಇದ್ದ ದಿನವೂ ಹಾಗೆಯೇ ಮಾಡಿರಿ. ಹಿರಿಯ ತಾಯಿಯೊಬ್ಬರು ಎತ್ತಲಿ, ಅವರ ಶ್ರುತಿಗೆ ಉಳಿದವರು ಹೊಂದಿಕೊಳ್ಳಲಿ. ಮೊದಲ ಎರಡು ವಾರ ನಾಚಿಕೆಯಾಗುತ್ತದೆ, ಆಮೇಲೆ ಆಗುವುದಿಲ್ಲ.

ಎರಡು: ಪ್ರತಿಯೊಂದು ಲೈನಿನಲ್ಲಿ ಹಳೆಯ ಪದ ಬಲ್ಲವರು ಯಾರು ಯಾರು ಎಂದು ಪಟ್ಟಿ ಮಾಡಿರಿ. ಒಬ್ಬೊಬ್ಬರ ಬಳಿಗೆ ಇಬ್ಬರು ಹುಡುಗಿಯರನ್ನೂ ಒಬ್ಬ ಹುಡುಗನನ್ನೂ ಕಳುಹಿಸಿರಿ. ತಿಂಗಳಿಗೆ ಒಂದು ಹಾಡು ಕಲಿತರೆ ಸಾಕು. ವರ್ಷಕ್ಕೆ ಹನ್ನೆರಡಾಗುತ್ತವೆ.

ಮೂರು: ಮೊಬೈಲಿನಲ್ಲಿ ತುಂಬಿಕೊಳ್ಳಿರಿ, ಒಳ್ಳೆಯದೇ. ಆದರೆ ಮೊದಲು ಹಾಡುವವರ ಒಪ್ಪಿಗೆ ಕೇಳಿರಿ. ಅವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿರಿ. ಅದರ ಒಂದು ಪ್ರತಿ ಅವರ ಮನೆಯಲ್ಲಿ ಇರಲಿ. ಹೊರಗಿನವರು ಯಾರಾದರೂ ಹಾಡು ಕೇಳಿಕೊಂಡು ಬಂದರೂ ಇದೇ ನಿಯಮವನ್ನು ಅವರಿಗೂ ಹೇಳಿರಿ. ತುಂಬಿಕೊಂಡೆವೆಂದು ಕಲಿಯುವುದನ್ನು ಬಿಡಬೇಡಿರಿ; ಮೊಬೈಲು ಕೆಟ್ಟರೆ ಹಾಡೂ ಅದರ ಜತೆಗೆ ಹೋಗುತ್ತದೆ.

ನಾಲ್ಕು: ಸಂಘದ ಸಭೆಗಳಲ್ಲಿ ನಮ್ಮ ಕೋರಿಕೆಗಳನ್ನು ಹಳೆಯ ರಾಗಕ್ಕೆ ಹಾಕಿ ಹಾಡಿರಿ. ಓದು ಬಾರದ ತಾಯಿ ಕರಪತ್ರ ಓದಲಾರಳು. ಹಾಡಿನಲ್ಲಿ ಬಂದ ಕೂಲಿಯ ದರ, ಹೆರಿಗೆ ರಜೆ, ಭವಿಷ್ಯನಿಧಿ ಇವುಗಳ ಮಾತು ಅವಳಿಗೆ ನೆನಪಿರುತ್ತದೆ. ರೈಟರ ಮುಂದೆ ನಿಂತು ಕೇಳುವ ದಿನ ಅದು ಅವಳ ಬಾಯಿಗೆ ಬರುತ್ತದೆ.

ಕೊನೆಯದಾಗಿ ಒಂದು ಮಾತು. ಒಬ್ಬರೇ ಹಾಡುವಾಗ ದನಿ ನಡುಗುತ್ತದೆ, ನಿಜ. ಎರಡನೆಯವರು ಅದೇ ರಾಗವನ್ನು ಹಿಡಿದಾಗ ನಡುಕ ನಿಲ್ಲುತ್ತದೆ. ಹತ್ತು ಜನ ಸೇರಿದಾಗ ಯಾರ ದನಿ ಒಡೆದದ್ದು, ಯಾರದು ಇಂಪಾದದ್ದು ಎಂದು ಯಾರೂ ನೋಡುವುದಿಲ್ಲ. ಸಭೆಯೂ ಸಂಘವೂ ಹೀಗೆಯೇ ಆಗಬೇಕೆಂಬುದು ನನ್ನ ಆಸೆ.

ಹೊತ್ತಾಯಿತು, ನಾಳೆ ಬೆಳಿಗ್ಗೆ ಹಾಜರಿಗೆ ಏಳಬೇಕು. ಮನೆಗೆ ಹೋಗುವ ಮೊದಲು, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿರುವ ಅಜ್ಜಿಯಂದಿರಲ್ಲಿ ಯಾರಾದರೂ ಒಬ್ಬರು ಒಂದು ಪದ ಎತ್ತಿರಿ. ಉಳಿದವರು ಹಿಡಿಯುತ್ತೇವೆ.

ಕರ್ತನು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.